ಆಕಾಶದ್ದೋ ಹುಲ್ಲಿನದ್ದೋ: ಲುವೇವೆಯ ನೊಮಲಾಂಗ ಬಣ್ಣ ಆರಿಸಿದ ಚಳಿಗಾಲ

ಲುವೇವೆಯಲ್ಲಿ ಬೆಳಕಿನ್ನೂ ಪೂರ್ತಿ ಹರಿದಿಲ್ಲ. ಬುಲವಾಯೊ ಪಟ್ಟಣದ ಈ ಬಡಾವಣೆಯಲ್ಲಿ ಹಗಲು ಕರೆಂಟನ್ನು ಯಾರೂ ನೆಚ್ಚಿಕೊಳ್ಳುವುದಿಲ್ಲ. ಕೈಕಸುಬಿನವರೆಲ್ಲ ಕೋಳಿಗಿಂತ ಮುಂಚೆ ಏಳುತ್ತಾರೆ. ಹಿತ್ತಲಿನ ತಗಡಿನ ಚಪ್ಪರದ ಕೆಳಗೆ ನೊಮಲಾಂಗ ಮಾಬೆನಾ ಮಗುಚಿಟ್ಟ ಡಬ್ಬಿಯ ಮೇಲೆ ಕೂತಿದ್ದಾರೆ. ಯಾರದೋ ಮಜ್ದಾ ಗಾಡಿಯ ಬಾಗಿಲು ಅವರ ಮೊಣಕಾಲಿಗೆ ಒರಗಿದೆ. ಒದ್ದೆ ಉಪ್ಪುಕಾಗದದಿಂದ ಅದನ್ನು ಉಜ್ಜುತ್ತಾರೆ, ನಿಲ್ಲಿಸುತ್ತಾರೆ, ಅಂಗೈಯನ್ನು ನಿಧಾನಕ್ಕೆ ಅದರ ಮೇಲೆ ಹರಿಸುತ್ತಾರೆ.

"ಇಲ್ಲೊಂದು ಗೀರು ಬಿಟ್ಟಿದೀಯ, ಮಾಬೆನಾ." ಗಂಡನನ್ನು ಆಕೆ ಕರೆಯುವುದು ಹೀಗೆ, ಮನೆತನದ ಹೆಸರು ಹಿಡಿದು.

ಕಂಪ್ರೆಸರಿನ ಪೈಪು ಬಿಡಿಸುತ್ತಿದ್ದ ಗಂಡ ಡಿಂಗಾನಿ ಬಗ್ಗಿ ನೋಡುತ್ತಾರೆ. "ಎಲ್ಲಿ? ನಂಗೇನೂ ಕಾಣಲ್ಲ."

"ಈಗ ಕಾಣಲ್ಲ. ಬಣ್ಣ ಬಿದ್ದ ಮೇಲೆ ಊರಿಗೆಲ್ಲ ಕಾಣತ್ತೆ."

ಡಿಂಗಾನಿ ಗೊಣಗುತ್ತಾ ಉಪ್ಪುಕಾಗದ ಎತ್ತಿಕೊಳ್ಳುತ್ತಾರೆ. ಹಿತ್ತಲಿನ ಆಚೆ ಬದಿಯಲ್ಲಿ, ಹಳೆಯ ಟಾರ್ಪಾಲಿನ ಕೆಳಗೆ, ಉದ್ದನೆಯ ಗಾಡಿಯೊಂದು ನಿಂತಿದೆ. ಪ್ಯೂಜೋ 404, ಹಿಂದೆ ಸಾಮಾನಿಗೂ ಜನಕ್ಕೂ ಜಾಗವಿರುವ ವ್ಯಾಗನ್. ಈ ಗಂಡಹೆಂಡತಿ ಬಣ್ಣ ಕಾಣಿಸಿದ ಗಾಡಿಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ಅವರದೇ ಆದದ್ದು ಇದೊಂದೇ. ಇದಕ್ಕೆ ಬಣ್ಣ ಬಳಿಯಲು ಒಂದು ಬೆಳಗು ಸಾಕಾಯಿತು. ಯಾವ ಬಣ್ಣ ಎಂದು ಆರಿಸಲು ಹೋದ ವರ್ಷದ ಚಳಿಗಾಲವೆಲ್ಲ ಹಿಡಿಯಿತು.

ನೊಮಲಾಂಗ ಹುಟ್ಟಿದ್ದು ಚೊಲೊಚೊ ಕಡೆಯ ಹಳ್ಳಿಯಲ್ಲಿ. ಹರೆಯದಲ್ಲಿ ಪಟ್ಟಣಕ್ಕೆ ಬಂದು, ಕಾರ್ಖಾನೆಗಳ ಸಾಲಿನಲ್ಲಿದ್ದ ಗಾಡಿ ಬಣ್ಣದ ಮಳಿಗೆಯೊಂದರಲ್ಲಿ ಚಹಾ ಮಾಡುವ ಕೆಲಸಕ್ಕೆ ಸೇರಿದರು. ಚಹಾ ಆದ ಮೇಲೆ ಬಣ್ಣ ಕಲಸುವ ಕಡ್ಡಿಗಳನ್ನು ತೊಳೆದು ಒಣಗಿಸುವುದೂ ಅವರ ಪಾಲಿಗೆ ಬಂತು. ಅವರು ಕಡ್ಡಿಗಳನ್ನು ಬಣ್ಣದ ಪ್ರಕಾರ ಸಾಲಾಗಿ ಜೋಡಿಸಿಡುತ್ತಿದ್ದರು. ಒಂದು ದಿನ ಅಲ್ಲಿನ ಮುದಿ ಬಣ್ಣಗಾರ ಎರಡು ಬಿಳಿ ಕಡ್ಡಿಗಳನ್ನು ಹಿಡಿದು, "ಇವೆರಡೂ ಒಂದೇ ತಾನೇ, ದೂರ ದೂರ ಯಾಕಿಟ್ಟೆ?" ಎಂದು ಕೇಳಿದ. "ಇದು ಹಾಲು, ಅದು ಎಲುಬು" ಎಂದರಂತೆ ಈಕೆ. ಮುದುಕ ನಕ್ಕು, ಮಾರನೆಯ ದಿನದಿಂದ ಪಕ್ಕದಲ್ಲೇ ನಿಲ್ಲಿಸಿಕೊಂಡ. ಅವನು ತೀರಿಕೊಂಡ ಮೇಲೆ ಮಳಿಗೆಯ ಬಣ್ಣವೆಲ್ಲ ಇವರ ಕೈಯಲ್ಲೇ ಆಗುತ್ತಿತ್ತು. ಕರೆಯುವಾಗ ಮಾತ್ರ ಕೊನೆಯವರೆಗೂ 'ಚಹಾದವಳು'.

ಡಿಂಗಾನಿ ಅಲ್ಲೇ ಸ್ಪ್ರೇ ಹೊಡೆಯುತ್ತಿದ್ದವರು. ದುಡ್ಡಿಗೆ ಬೆಲೆಯೇ ಇಲ್ಲದಂತಾದ ಕೆಟ್ಟ ವರ್ಷಗಳಲ್ಲಿ ಮಳಿಗೆ ಮುಚ್ಚಿತು. ಇಬ್ಬರೂ ಹಳೆಯ ಕಂಪ್ರೆಸರೊಂದನ್ನು ತಳ್ಳುಗಾಡಿಯಲ್ಲಿ ಮನೆಗೆ ತಂದು ಹಿತ್ತಲಲ್ಲೇ ಕೆಲಸ ಶುರುಮಾಡಿದರು. ಊರಿನ ಹಳೆಯ ಗಾಡಿಗಳೆಲ್ಲ ಇಲ್ಲಿಗೆ ಬರತೊಡಗಿದವು. ಸೂರು ಒಂದು ಬಣ್ಣಕ್ಕೆ, ಬಾಗಿಲು ಇನ್ನೊಂದು ಬಣ್ಣಕ್ಕೆ ಮಾಸಿದ ಗಾಡಿಗಳು. ಹೊಸ ಡಬ್ಬಿಯ ಬಣ್ಣವನ್ನು ಹಾಗೆಯೇ ಬಳಿದರೆ ತೇಪೆ ಎದ್ದು ಕಾಣುತ್ತದೆ. "ಗಾಡಿ ಎಷ್ಟು ಬಿಸಿಲು ತಿಂದಿದೆಯೋ ಅಷ್ಟು ಬಿಸಿಲನ್ನೂ ಡಬ್ಬಿಗೆ ಹಾಕಬೇಕು" ಎನ್ನುತ್ತಾರೆ ನೊಮಲಾಂಗ. ಹಾಗೆ ಹಾಕಿದ ಬಣ್ಣವನ್ನು ನೋಡಿ ಜನ "ಡಿಂಗಾನಿ ಕೈ ಅಂದ್ರೆ ಕೈ" ಎಂದು ಹೊಗಳುತ್ತಿದ್ದರು. ಡಿಂಗಾನಿ ಅದನ್ನು ತಿದ್ದುತ್ತಿರಲಿಲ್ಲ. ಹೆಂಡತಿಯೂ ತಿದ್ದು ಎಂದು ಕೇಳಿರಲಿಲ್ಲ.

ತೊಂದರೆ ಮೊದಲು ಕಂಡದ್ದು ಮಾಂಸದಂಗಡಿ ಎನ್‌ಕಾಲಾನ ಡಾಟ್ಸನ್‌ನಲ್ಲಿ. ನೀಲಿ ಗಾಡಿ. ಹೊಸದಾಗಿ ಕೂರಿಸಿದ ಬಾಗಿಲಿಗೆ ಬಣ್ಣ ಹೊಂದಿಸಿ ಕಳಿಸಿದ್ದಾಯಿತು. ಮಾರನೆಯ ದಿನ ಎನ್‌ಕಾಲಾ ಗಾಡಿಯನ್ನು ಬಿಸಿಲಲ್ಲಿ ನಿಲ್ಲಿಸಿ ಕೂಗಾಡಿದ: "ಏನಯ್ಯಾ ಡಿಂಗಾನಿ, ಗಾಡಿ ಒಂದು ದೇಶದ್ದು, ಬಾಗಿಲು ಇನ್ನೊಂದು ದೇಶದ್ದು ಮಾಡಿದೀಯಲ್ಲ!" ಡಿಂಗಾನಿ ನೋಡಿದರು. ಬಾಗಿಲು ಹಸಿರಿಗೆ ತಿರುಗಿತ್ತು. "ಡಬ್ಬಿ ಹಳೇದು" ಎಂದರು ನೊಮಲಾಂಗ. ಡಿಂಗಾನಿ ನಂಬಿದರು. ಆಮೇಲೆ ಆಕೆ ಕೆಲಸ ತಪ್ಪಿಸಿಕೊಳ್ಳತೊಡಗಿದರು. ಒಂದು ದಿನ ಕೈನೋವು, ಒಂದು ದಿನ ತಲೆನೋವು, ಇನ್ನೊಂದು ದಿನ ಚರ್ಚಿನ ಹೆಂಗಸರ ಕೂಟ.

ಅಷ್ಟರಲ್ಲಿ ಬೇರೆಯೂ ಸಣ್ಣಪುಟ್ಟ ಬದಲಾವಣೆಗಳಾಗಿದ್ದವು. ಡಬ್ಬಿಗಳನ್ನು ಯಾರೂ ಜಾಗ ಬದಲಿಸಕೂಡದು ಎಂದು ಆಕೆ ಕಟ್ಟುನಿಟ್ಟು ಮಾಡಿದ್ದರು. ಬಟ್ಟಲಿನ ಅಂಚಿಗೆ ಬೆರಳಿಟ್ಟು ಚಹಾ ಸುರಿಯುತ್ತಿದ್ದರು. ಬೇಲಿಯಾಚೆಯಿಂದ ಯಾರಾದರೂ ಕೈಬೀಸಿದರೆ ಸುಮ್ಮನಿರುತ್ತಿದ್ದರು. ಬೀದಿಯಲ್ಲಿ ಅದನ್ನು ಸೊಕ್ಕು ಎಂದುಕೊಂಡವರೂ ಇದ್ದರು. ಡಿಂಗಾನಿ ವಯಸ್ಸಾಯಿತು, ದಣಿದಿದ್ದಾಳೆ ಎಂದುಕೊಂಡರು. ಅವಳ ಮನಸ್ಸಿಗೆ ಏನಾದರೂ ಖುಷಿ ಬೇಕು ಎಂದೂ ಅನ್ನಿಸಿತು.

ನೊಮಲಾಂಗಳ ಅಣ್ಣ ಫಿನಿಯಾಸ್ ಟ್ಯಾಕ್ಸಿ ಓಡಿಸುತ್ತಿದ್ದ ಕಾಲವೊಂದಿತ್ತು. ಬಸ್ಸು ಸಿಗದ ದಿನಗಳಲ್ಲಿ ಇಂಥ ವ್ಯಾಗನ್‌ಗಳೇ ಬಡಾವಣೆಯ ಜನರನ್ನು ಪಟ್ಟಣಕ್ಕೆ ಹೊತ್ತು ತರುತ್ತಿದ್ದವು. ಚಹಾದ ಕೆಲಸಕ್ಕೆ ಮೊದಲ ದಿನ ಆಕೆ ಹೋದದ್ದೂ ಅಣ್ಣನ ಗಾಡಿಯಲ್ಲೇ, ಹಿಂದಿನ ಸೀಟಿನಲ್ಲಿ, ಇಬ್ಬರು ದಪ್ಪ ಹೆಂಗಸರ ನಡುವೆ. ಫಿನಿಯಾಸ್ ಸತ್ತ ಮೇಲೆ ಗಾಡಿ ಹಳ್ಳಿಯಲ್ಲಿ ಮರದ ಕೆಳಗೆ ನಿಂತಿತ್ತು. ಕೋಳಿಗಳು ಅದರೊಳಗೆ ಮೊಟ್ಟೆ ಇಡುತ್ತಿದ್ದವು. ಡಿಂಗಾನಿ ಫಿನಿಯಾಸನ ಹೆಂಡತಿಯನ್ನು ಒಪ್ಪಿಸಿ, ಲಾರಿಗೆ ಹೇರಿಸಿಕೊಂಡು ತಂದರು. ಬೇಸಿಗೆಯಿಂದ ಚಳಿಗಾಲದವರೆಗೆ ತುಕ್ಕು ಕತ್ತರಿಸಿದರು, ತಗಡು ಬೆಸೆದರು, ಇಂಜಿನ್ನಿಗೆ ಜೀವ ಕೊಟ್ಟರು. ಬಣ್ಣಕ್ಕೆ ಮೊದಲು ಬಳಿಯುವ ಬೂದು ಅಸ್ತರು ಹೊಡೆದು ನಿಲ್ಲಿಸಿ ಹೆಂಡತಿಯನ್ನು ಕರೆದರು.

"ಮಾನ್ಯಾಥಿ," ಎಂದರು. ಇಲ್ಲಿ ಮದುವೆಯಾದ ಹೆಣ್ಣನ್ನು ತವರಿನ ಹೆಸರು ಹಿಡಿದೇ ಗೌರವದಿಂದ ಕರೆಯುವುದು. "ಇಷ್ಟು ವರ್ಷ ಬೇರೆಯವರ ಬಣ್ಣಕ್ಕೆ ಬಣ್ಣ ಹೊಂದಿಸಿದೆ. ಇದಕ್ಕೆ ನೀನೇ ಆರಿಸು. ನಿಂಗಿಷ್ಟ ಬಂದಿದ್ದು. ನಾನು ಬಾಯೇ ಬಿಡಲ್ಲ."

ಅದನ್ನು ಕೇಳಿ ಆಕೆ ನಗಲಿಲ್ಲ. ಗಾಡಿಯ ಬಾನೆಟ್ಟಿನ ಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತರು. "ನಂಗಾಗ ಅನ್ಸಿದ್ದು ಒಂದೇ. ಇವನು ಇದನ್ನ ಮೂರು ವರ್ಷ ಮುಂಚೆ ಯಾಕೆ ತರಲಿಲ್ಲ ಅಂತ" ಎಂದು ಈಗ ಹೇಳುತ್ತಾರೆ.

ಡಿಂಗಾನಿ ಡಬ್ಬಿಯ ಮುಚ್ಚಳಗಳಿಗೆ ಒಂದೊಂದು ಬಣ್ಣ ಹೊಡೆದು ಬಟ್ಟೆ ಒಣಹಾಕುವ ತಂತಿಗೆ ನೇತುಹಾಕಿದರು. ಕೆನೆ, ಗೋಧಿ, ದಾಸವಾಳದ ಕೆಂಪು, ನೀಲಿ, ಹಸಿರು, ಹಳದಿ. ನೊಮಲಾಂಗ ದಿನವೂ ತಂತಿಯ ಹತ್ತಿರ ಹೋಗಿ ನಿಲ್ಲುವರು, "ನಾಳೆ ಹೇಳ್ತೀನಿ" ಎನ್ನುವರು. ವಾರಗಳು ಕಳೆದವು. ಪಕ್ಕದ ಮನೆಯ ಹೆಂಗಸು ಬೇಲಿಯಿಂದಲೇ ಕಿಚಾಯಿಸಿದಳು: "ಅಕ್ಕಾ, ಗಂಡನ್ನ ಆರಿಸುವಾಗ ಇಷ್ಟು ಯೋಚನೆ ಮಾಡಿದ್ಯಾ?" ನೊಮಲಾಂಗ ತಿರುಗಿ, "ಮಾಡಿದ್ರೆ ಈ ಹಿತ್ತಲಲ್ಲಿ ಇರ್ತಿದ್ನಾ?" ಎಂದು ಆಕೆಯನ್ನು ನಗಿಸಿದರು. ಆದರೆ ಬಣ್ಣ ಹೇಳಲಿಲ್ಲ.

ಇಲ್ಲಿ ಜುಲೈ ಎಂದರೆ ನಡುಚಳಿಗಾಲ. ಅಂಥ ಒಂದು ಬೆಳಗ್ಗೆ ಡಿಂಗಾನಿ ಪಟ್ಟು ಹಿಡಿದರು. ಅಸ್ತರು ನೀರು ತಡೆಯುವುದಿಲ್ಲ, ಮಳೆ ಬಂದರೆ ತುಕ್ಕು ಮತ್ತೆ ಮೊದಲಿಂದ ಶುರು, ಇವತ್ತು ಹೇಳಲೇಬೇಕು ಎಂದರು. ನೊಮಲಾಂಗ ತಂತಿಯ ಕಡೆ ಕೈ ತೋರಿಸಿ, "ಆ ಲುಹ್ಲಾಜಾ ಇರಲಿ" ಎಂದರು.

ಎನ್‌ಡೆಬೆಲೆ ಮಾತಿನಲ್ಲಿ ನೀಲಿಗೂ ಹಸಿರಿಗೂ ಲುಹ್ಲಾಜಾ ಎಂಬ ಒಂದೇ ಪದ. ಹೇಳುವವರು ಆಕಾಶದ್ದು ಅಥವಾ ಹುಲ್ಲಿನದ್ದು ಎಂದು ಸೇರಿಸುತ್ತಾರೆ. ಬಣ್ಣದ ಕೆಲಸದವರಂತೂ ಸೇರಿಸದೆ ಇರುವುದೇ ಇಲ್ಲ.

"ಯಾವ ಲುಹ್ಲಾಜಾ?" ಎಂದರು ಡಿಂಗಾನಿ. "ಆಕಾಶದ್ದಾ, ಹುಲ್ಲಿನದ್ದಾ?"

ನೊಮಲಾಂಗ ಚಾಚಿದ ಬೆರಳನ್ನು ಹಾಗೇ ಹಿಡಿದಿದ್ದರು.

"ಮಾನ್ಯಾಥಿ, ನಿನ್ನ ಬೆರಳ ತುದೀಲೇ ಇದೆ ಮುಚ್ಚಳ. ಯಾವುದು ಅದು?"

"ನೀನೇ ಹೊಡೆದಿದ್ದಲ್ವಾ? ನಿಂಗೇ ಗೊತ್ತಿರಬೇಕು."

"ನಂಗೆ ಗೊತ್ತು. ನಿಂಗೆ ಗೊತ್ತಾ ಅಂತ ಕೇಳ್ತಿದೀನಿ."

"ನನ್ನನ್ನ ಪರೀಕ್ಷೆ ಮಾಡ್ತಿದೀಯಾ? ಚಹಾದವಳನ್ನ ಮಳಿಗೇಲಿ ಪರೀಕ್ಷೆ ಮಾಡ್ತಿದ್ರು, ಈಗ ಮನೇಲಿ ನೀನು ಶುರುಮಾಡಿದ್ಯಾ?" ಆಕೆಯ ದನಿ ಏರಿತು. ಬೇಲಿಯಾಚೆ ಪಾತ್ರೆ ತಿಕ್ಕುವ ಸದ್ದು ನಿಂತಿತು.

ಡಿಂಗಾನಿ ಮುಚ್ಚಳವನ್ನು ತಂತಿಯಿಂದ ಬಿಚ್ಚಿ ಅವರ ಕೈಗೆ ಕೊಟ್ಟರು. ನೊಮಲಾಂಗ ಅದನ್ನು ಮುಖದ ಹತ್ತಿರ ತಂದರು, ಓರೆ ಮಾಡಿದರು, ಬಿಸಿಲಿಗೆ ಹಿಡಿದರು. ಆಮೇಲೆ ಗಾಡಿಯ ತೆರೆದ ಬಾಗಿಲಿನ ಹೊಸ್ತಿಲ ಮೇಲೆ ಕೂತರು.

"ಯಾವಾಗಿಂದ?" ಎಂದರು ಡಿಂಗಾನಿ.

"ಗೊತ್ತಿಲ್ಲ. ಮೊದಲು ಪಕ್ಕದ್ದು ಕಾಣೋದು ಹೋಯ್ತು. ಈಗ ಕೊಳವೇಲಿ ನೋಡಿದ ಹಾಗೆ. ಅದರೊಳಗೂ ಎಲ್ಲ ಬೂದಿ ಬೂದಿ."

"ಹೇಳಬಾರದಿತ್ತಾ?"

"ಹೇಳಿದ್ರೆ ಕುರುಡಿ ಅಂತೀರ. ಕೈಲಿರೋ ಕೆಲಸ ಕಿತ್ಕೊಂಡು ಗೋಡೆ ಪಕ್ಕ ಚಾಪೆ ಹಾಕಿ ಕೂರಿಸ್ತೀರ. ನಮ್ಮಮ್ಮಂಗೆ ಹಾಗೇ ಆಯ್ತು. ಕೂರಿಸಿದ್ದು ಬೇರೆ ಯಾರೋ ಅಲ್ಲ, ನಾನೇ. ಒಳ್ಳೇದು ಮಾಡ್ತಿದೀನಿ ಅಂದ್ಕೊಂಡು ಅವಳ ಕೈಯಿಂದ ಒನಕೆ ಕಿತ್ಕೊಂಡೆ. ಆಮೇಲೆ ಅವಳು ಮಾತಾಡೋದನ್ನೇ ಬಿಟ್ಟುಬಿಟ್ಟಳು."

ಡಿಂಗಾನಿ ಪಕ್ಕದಲ್ಲಿ ಕೂತರು. ಎನ್‌ಕಾಲಾನ ಬಾಗಿಲು, ಕೈನೋವು, ಚಹಾದ ಬಟ್ಟಲಿನ ಅಂಚಿನ ಬೆರಳು, ಒಂದೊಂದಾಗಿ ಅವರಿಗೆ ಅರ್ಥವಾಗತೊಡಗಿದವು. "ಅಷ್ಟು ಹತ್ತಿರ ಇದ್ದೂ ನೋಡಲಿಲ್ಲ. ಕಣ್ಣು ಹೋಗಿದ್ದು ಅವಳಿಗೊಬ್ಬಳಿಗೇ ಅಲ್ಲ" ಎನ್ನುತ್ತಾರೆ ಅವರು, ಆ ಬೆಳಗಿನ ಮಾತು ಬಂದಾಗ.

ಆಸ್ಪತ್ರೆಯ ವೈದ್ಯೆ ಸುತ್ತಿಬಳಸಿ ಹೇಳಲಿಲ್ಲ. ಕಣ್ಣಿನೊಳಗಿನ ಒತ್ತಡ ನರವನ್ನು ತಿಂದುಹಾಕಿದೆ, ಹೋದದ್ದು ಬರುವುದಿಲ್ಲ, ಉಳಿದಿರುವ ಕೊಂಚವನ್ನು ಔಷಧದ ಹನಿ ಹಾಕಿ ಕಾಪಾಡಿಕೊಳ್ಳಬಹುದು. "ಕಾಪಾಡಿಕೊಳ್ಳೋಣ" ಎಂದರು ನೊಮಲಾಂಗ, ಡಬ್ಬಿಯ ತಳದಲ್ಲಿ ಉಳಿದ ಬಣ್ಣದ ಬಗ್ಗೆ ಹೇಳುವ ಹಾಗೆ. ಮನೆಗೆ ಬಂದು ಎಂದಿನಂತೆ ಇಸಿಚ್ವಾಲಾ ಮುದ್ದೆ ತಿರುವಿದರು, ಒಣಸೊಪ್ಪು ಬೇಯಿಸಿದರು.

ಕೆಲವು ದಿನ ಹಿತ್ತಲಲ್ಲಿ ಸದ್ದಿರಲಿಲ್ಲ. ಒಂದು ಬೆಳಗ್ಗೆ ಡಿಂಗಾನಿ ಹಳದಿ ಡಬ್ಬಿ ತೆರೆದು ಕಲಕತೊಡಗಿದರು. ಅದರ ಸದ್ದಿಗೆ ನೊಮಲಾಂಗ ಹೊರಗೆ ಬಂದರು.

"ಏನದು?"

"ಹಳದಿ. ಎಲ್ಲಕ್ಕಿಂತ ನಿಂಗೆ ಚೆನ್ನಾಗಿ ಕಾಣೋದು ಅದೇ. ವೈದ್ಯೆ ತೋರಿಸಿದಾಗ ಅದೊಂದನ್ನ ತಟ್ ಅಂತ ಹೇಳಿದೆ. ಗಾಡಿ ಪೂರ್ತಿ ಹಳದಿ ಮಾಡ್ತೀನಿ. ನಿಂಗೆ ಕಾಣಲಿ."

ಡಿಂಗಾನಿ ಪ್ರೀತಿಯಿಂದಲೇ ಹೇಳಿದ್ದು. ಆದರೆ ಆಕೆ ಕೆರಳಿದರು. "ಮುಚ್ಚು ಡಬ್ಬಿ! ಹಳದಿ ಗಾಡಿ ಬೀದೀಲಿ ಹೋದ್ರೆ ಜನ ಏನಂತಾರೆ? ನೋಡಿ, ಪಾಪ, ಕುರುಡಿಗೆ ಕಾಣಲಿ ಅಂತ ಬಳಿದಿದಾನೆ ಅಂತಾರೆ. ನನ್ನ ಕಾಯಿಲೆನ ನಾಲ್ಕು ಚಕ್ರದ ಮೇಲೆ ಊರೆಲ್ಲ ಮೆರವಣಿಗೆ ಮಾಡಿಸಬೇಡ, ಮಾಬೆನಾ."

"ಮತ್ತೇನು ಮಾಡಲಿ? ನಿಂಗೆ ಕಾಣದೇ ಇರೋ ಬಣ್ಣ ಹೇಗೆ ಆರಿಸ್ತೀಯ?"

ಆಕೆ ಬಿಸಿಲು ಬೀಳುವ ಕಡೆ ಮುಖ ಮಾಡಿ ನಿಂತರು. ಚಳಿಗಾಲದಲ್ಲಿ ಬುಲವಾಯೊದ ಮೇಲೆ ಮೋಡವಿರುವುದಿಲ್ಲ. ನೆತ್ತಿಯ ಮೇಲಿನ ನೀಲಿ ಗಟ್ಟಿಯಾಗಿ, ಶುಭ್ರವಾಗಿ, ಎಲ್ಲಿಯೂ ಒಡಕಿಲ್ಲದೆ ಹರಡಿರುತ್ತದೆ.

"ನಂಗೆ ಆರಿಸೋಕೆ ಬರಲ್ಲ" ಎಂದರು ಕೊನೆಗೆ. "ಆರಿಸಿ ಅಭ್ಯಾಸ ಇಲ್ಲ. ಹೊಂದಿಸೋಕೆ ಬರತ್ತೆ. ಎದುರಿಗೆ ಒಂದು ಮಾದರಿ ಬೇಕು. ಇವತ್ತಿನ ಆಕಾಶ ಇದ್ಯಲ್ಲ, ಅದಕ್ಕೆ ಹೊಂದಿಸೋಣ. ನಾನು ಸರಿ ಕಲಸಿದೀನೋ ಇಲ್ವೋ ಅಂತ ಯಾರು ಬೇಕಾದ್ರೂ ತಲೆ ಎತ್ತಿ ನೋಡಬಹುದು."

ಹೇಳುವುದು ಸುಲಭವಾಗಿತ್ತು. ಆಗಸ್ಟ್ ಕಳೆದರೆ ಸುತ್ತಲಿನ ಒಣಹುಲ್ಲಿಗೆ ಬೆಂಕಿ ಬೀಳುತ್ತದೆ. ಹೊಗೆಗೆ ಆಕಾಶ ಮಜ್ಜಿಗೆಯಂತಾಗುತ್ತದೆ. ಅಷ್ಟರೊಳಗೆ ಕೆಲಸ ಮುಗಿಯಬೇಕಿತ್ತು. ಡಿಂಗಾನಿ ಜೀವನವಿಡೀ ಬಣ್ಣ ಹೊಡೆದವರು, ಬಣ್ಣದ ಬಗ್ಗೆ ಮಾತಾಡಿ ಗೊತ್ತಿಲ್ಲದವರು. ನೊಮಲಾಂಗ ಹೇಳಿದಂತೆ ಬಿಳಿಗೆ ನೀಲಿ ಸುರಿದು, ಕಪ್ಪಿನ ಹನಿ ಬಿಟ್ಟು, ಮುಚ್ಚಳಕ್ಕೆ ಹೊಡೆದು ಒಣಗಿಸಿದರು. ಸೂರ್ಯನಿಗೆ ಬೆನ್ನು ಮಾಡಿ ಮುಚ್ಚಳವನ್ನು ಮೇಲೆತ್ತಿ ಹಿಡಿದರು.

"ಹೇಗಿದೆ?"

"ಚೆನ್ನಾಗಿದೆ."

"ಚೆನ್ನಾಗಿದೆ ಅನ್ನೋ ಬಣ್ಣ ಇಲ್ಲ. ಏನಾಗಿದೆ ಹೇಳು."

"ಸ್ವಲ್ಪ ಕೊಳಕಾಗಿದೆ."

"ಎಂಥ ಕೊಳಕು? ಒಲೆ ಬೂದಿ ಕೊಳಕಾ, ಕೆಸರಿನ ಕೊಳಕಾ?"

"ಅಯ್ಯೋ, ಕೊಳಕು ಅಂದ್ರೆ ಕೊಳಕು ಕಣೇ!"

"ಹಾಗಾದ್ರೆ ಹೋಗಿ ಎರಡನ್ನೂ ನೋಡ್ಕೊಂಡು ಬಾ."

ಡಿಂಗಾನಿ ನಿಜಕ್ಕೂ ಒಲೆಯ ಹತ್ತಿರ ಹೋಗಿ ಬೂದಿ ನೋಡಿ ಬಂದರು. ಬೂದಿಯ ಕೊಳಕೇ. ಕಪ್ಪು ಹೆಚ್ಚಾಗಿತ್ತು. ಹೀಗೆ ಶುರುವಾಯಿತು. ಒಂದು ದಿನ ಬಣ್ಣ ತೊಳೆದ ಬಟ್ಟೆಯಂತೆ ತೆಳ್ಳಗಾಯಿತು, ಇನ್ನೊಂದು ದಿನ ಹುಲ್ಲಿನ ಕಡೆ ವಾಲಿತು. ಅದಕ್ಕೆ ಆಕೆ ಸೂಜಿಮೊನೆಯಷ್ಟು ಕೆಂಪು ಹಾಕಿಸಿದರು. ಜಗಳವಾಡಿದರು, ಚಹಾ ಕುಡಿದರು, ಮತ್ತೆ ಕಲಸಿದರು. ಡಿಂಗಾನಿಗೆ ಹಾಲಿನ ಬಿಳಿಯೂ ಎಲುಬಿನ ಬಿಳಿಯೂ ಬೇರೆ ಬೇರೆ ಕಾಣತೊಡಗಿದವು. ಆಗಸ್ಟ್ ಮುಗಿಯುತ್ತಾ ಬಂದಾಗ ಪಶ್ಚಿಮದ ಅಂಚಿನಲ್ಲಿ ಮೊದಲ ಹೊಗೆ ಕಾಣಿಸಿತು. ಅದನ್ನು ಅವರು ಹೆಂಡತಿಗೆ ಹೇಳಲಿಲ್ಲ. ಆಕೆಗೆ ವಾಸನೆ ಬಂದಿತ್ತು, ಆಕೆಯೂ ಹೇಳಲಿಲ್ಲ.

ಮಾರನೆಯ ಬೆಳಗ್ಗೆ ಗಾಳಿ ದಿಕ್ಕು ಬದಲಿಸಿ ಆಕಾಶ ತಿಳಿಯಾಯಿತು. ಡಿಂಗಾನಿ ಮುಚ್ಚಳ ಎತ್ತಿ ಹಿಡಿದರು.

"ಅಂಚು ಕಾಣ್ತಿದ್ಯಾ?" ಎಂದರು ನೊಮಲಾಂಗ.

"ಕೆಳಗಡೆ ಕಾಣ್ತಿದೆ."

"ಇನ್ನೂ ಮೇಲೆತ್ತು. ನೆತ್ತಿ ಕಡೆ. ಈಗ?"

ಡಿಂಗಾನಿ ಕತ್ತು ಹಿಂದಕ್ಕೆ ಬಾಗಿಸಿ ನೋಡುತ್ತಲೇ ಇದ್ದರು. ಕೈಯಲ್ಲಿ ಮುಚ್ಚಳದ ಭಾರವಿತ್ತು. ಅದು ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಗುತ್ತದೆ ಎಂಬುದು ಮಾತ್ರ ತಿಳಿಯುತ್ತಿರಲಿಲ್ಲ.

"ಇಲ್ಲ" ಎಂದರು. "ಅಂಚು ಇಲ್ಲ, ಮಾನ್ಯಾಥಿ."

"ಸುಳ್ಳು ಹೇಳ್ತಿಲ್ಲ ತಾನೇ?"

"ನಿನ್ನಾಣೆಗೂ ಇಲ್ಲ."

ಆಕೆ ಕೈ ಚಾಚಿ ಮುಚ್ಚಳ ಇಸಿದುಕೊಂಡು ಎದೆಗೆ ಒತ್ತಿ ಹಿಡಿದರು. ಬಣ್ಣ ಇನ್ನೂ ಪೂರ್ತಿ ಗಟ್ಟಿಯಾಗಿರಲಿಲ್ಲ. ಅಂಗಿಗೆ ಅಂಟಿದ ಕಲೆ ಇವತ್ತಿಗೂ ಹೋಗಿಲ್ಲ.

ಗಾಡಿಗೆ ಬಣ್ಣ ಹೊಡೆದದ್ದು ಗಾಳಿ ಏಳುವ ಮುಂಚೆ, ಕರೆಂಟಿರುವಾಗಲೇ. ಡಿಂಗಾನಿ ಸ್ಪ್ರೇ ಗನ್ ಹಿಡಿದರೆ ನೊಮಲಾಂಗ ಮೂಗಿಗೆ ಬಟ್ಟೆ ಕಟ್ಟಿಕೊಂಡು ಬದಿಯಲ್ಲಿ ನಿಂತು, ಹೊಮ್ಮುವ ಸದ್ದನ್ನು ಕೇಳುತ್ತಾ "ಬೇಗ ಎಳೀತಿದೀಯ", "ಅಲ್ಲೇ ನಿಲ್ಲಬೇಡ, ಸೋರತ್ತೆ" ಎನ್ನುತ್ತಿದ್ದರು. ಹೊಗೆ ಎರಡು ದಿನ ಬಿಟ್ಟು ಊರನ್ನು ಮುಚ್ಚಿತು. ಆ ವರ್ಷ ಮಳೆ ಬರುವವರೆಗೂ ಲುವೇವೆಯಲ್ಲಿ ನೀಲಿ ಉಳಿದಿದ್ದು ಆ ಹಿತ್ತಲಲ್ಲಿ ಮಾತ್ರ ಎಂದು ಪಕ್ಕದ ಮನೆಯಾಕೆ ಹೇಳುತ್ತಾಳೆ.

ಆಮೇಲೆ ಗಿರಾಕಿಗಳಿಗೆ ವಿಷಯ ತಿಳಿಸುವ ಮಾತು ಬಂತು. ಮುಚ್ಚಿಡೋಣ ಎಂದರು ಡಿಂಗಾನಿ. ಆಕೆ ಒಪ್ಪಲಿಲ್ಲ. ಮೊದಲು ಎನ್‌ಕಾಲಾನ ಅಂಗಡಿಗೇ ಹೋಗಿ, "ನಿನ್ನ ಬಾಗಿಲು ಕೆಡಿಸಿದ್ದು ಡಬ್ಬಿಯಲ್ಲ, ನನ್ನ ಕಣ್ಣು. ಗಾಡಿ ತಗೊಂಡು ಬಾ, ಸರಿ ಮಾಡ್ತೀವಿ" ಎಂದರು. ಎನ್‌ಕಾಲಾ ಕತ್ತಿ ಒರೆಸಿ ಪಕ್ಕಕ್ಕಿಟ್ಟ. "ಇರಲಿ ಬಿಡಮ್ಮಾ" ಎಂದ. "ಆ ಬಾಗಿಲಿಂದ್ಲೇ ಜನ ನನ್ನ ಗಾಡೀನ ದೂರದಿಂದ ಗುರುತು ಹಿಡಿತಾರೆ." ಕೆಲವರು ಮಾತ್ರ ಗಾಡಿ ಬೇರೆಡೆಗೆ ಒಯ್ದರು. ಅವರ ಮೇಲೆ ನೊಮಲಾಂಗಳಿಗೆ ಸಿಟ್ಟಿಲ್ಲ. "ನಾನಾಗಿದ್ರೂ ಒಯ್ತಿದ್ದೆ" ಎನ್ನುತ್ತಾರೆ. ಉಳಿದ ಕೆಲಸ ಹೊಸ ರೀತಿಯಲ್ಲಿ ನಡೆಯುತ್ತಿದೆ. ಡಿಂಗಾನಿ ನೋಡಿ ಹೇಳುತ್ತಾರೆ, ಈಕೆ ಕೇಳಿ ಕಲಸುತ್ತಾರೆ. ಮೊದಲಿಗಿಂತ ತಡವಾಗುತ್ತದೆ. ಔಷಧದ ಹನಿಯನ್ನು ಸಂಜೆ ಡಿಂಗಾನಿಯೇ ಹಾಕುತ್ತಾರೆ. ಗನ್ ಹಿಡಿದು ಪಳಗಿದ ಕೈ ಅಲುಗುವುದಿಲ್ಲ.

ಭಾನುವಾರ ಇಬ್ಬರೂ ವ್ಯಾಗನ್ನಿನಲ್ಲಿ ಚರ್ಚಿಗೆ ಹೋಗುತ್ತಾರೆ. ಹೋದ ತಿಂಗಳು ಸಂತೆಯ ಹತ್ತಿರ ಗಾಡಿ ನಿಲ್ಲಿಸಿದ್ದಾಗ ಒಬ್ಬ ಮುದಿ ಡ್ರೈವರ್ ಬಂದು ಸುತ್ತ ತಿರುಗಿ ನೋಡಿದ. ಒಂದು ಸಲ ಗಾಡಿ ನೋಡಿದ, ಒಂದು ಸಲ ಮೇಲೆ ನೋಡಿದ. ಆಮೇಲೆ ಡಿಂಗಾನಿಯ ಕಿಟಕಿಗೆ ಬಗ್ಗಿ, "ಅಣ್ಣಾ, ಈ ಬಣ್ಣ ಎಲ್ಲಿ ಸಿಕ್ತು ನಿಂಗೆ?" ಎಂದು ಕೇಳಿದ.

"ನಂಗೆ ಸಿಗಲಿಲ್ಲ" ಎಂದರು ಡಿಂಗಾನಿ. "ಕಲಸಿದ್ದು ಇವಳು. ನಾನು ಹೊಡೆದೆ ಅಷ್ಟೇ. ಯಾವತ್ತೂ ಇವಳೇ ಕಲಸ್ತಿದ್ದಿದ್ದು."

ಮುದುಕ ಬಗ್ಗಿ ಆಕೆಯನ್ನು ನೋಡಿದ, ತಲೆದೂಗಿದ. ಆದರೆ ಮುಂದಿನ ಪ್ರಶ್ನೆಯನ್ನೂ ಡಿಂಗಾನಿಯನ್ನೇ ಕೇಳಿದ: "ಬಿಳಿ ಎಷ್ಟು ಹಾಕಿದ್ಲು?"

ಅದನ್ನು ಹೇಳುವಾಗ ನೊಮಲಾಂಗ ನಗುತ್ತಾರೆ. ಮಜ್ದಾದ ಬಾಗಿಲನ್ನು ಗೋಡೆಗೆ ಒರಗಿಸಿ, ಒದ್ದೆ ಕೈಯನ್ನು ಲಂಗಕ್ಕೆ ಒರೆಸಿಕೊಳ್ಳುತ್ತಾರೆ. ಇನ್ನೇನು ಬೇಕು ಎಂದು ಕೇಳಿದರೆ, ಕಣ್ಣು ಬೇಕು ಎನ್ನುವುದಿಲ್ಲ.

"ಬಣ್ಣದ ವಿಷಯ ಕೇಳೋರು ನನ್ನ ಕಡೆ ತಿರುಗಿ ಕೇಳಲಿ. ಅವರ ಮುಖ ನಂಗೆ ಕಾಣಲ್ಲ, ನಿಜ. ಆದ್ರೆ ಮಾತು ಯಾರ ಕಡೆ ಹೋಗ್ತಿದೆ ಅಂತ ಗೊತ್ತಾಗತ್ತೆ."